ದೊರೆ ಕೊಟ್ಟ ಕೋವಿ

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಹಳೆಯ ಮನೆಗಳಲ್ಲಿ ತಾತನ ಕಾಲದ ಜೋಡಿನಳಿಗೆಯ ಕೋವಿಯೊಂದು ಉಳಿದಿದ್ದರೆ, ಅದನ್ನು ಕೊಟ್ಟವನು ಬಹುಮಟ್ಟಿಗೆ ಒಬ್ಬ ದೊರೆಯೇ ಆಗಿರುತ್ತಾನೆ. ಈ ಕಥೆಗಳನ್ನೆಲ್ಲ ನಂಬುವುದಾದರೆ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಯ ಆಡಳಿತಕ್ಕೆ ಬಂದ ಮೇಲೆ ಅಲ್ಲಿನ ಇಂಗ್ಲಿಷರು ಕೋವಿ ಹಂಚುವುದರ ನಡುವೆ ಬಿಡುವಾದಾಗ ಮಾತ್ರ ಚಿನ್ನ ತೆಗೆದಿರಬೇಕು.

ಕೋವಿಯ ಜಾತಕವಿರುವುದು ಮನೆಯವರ ಬಾಯಲ್ಲಲ್ಲ, ನಳಿಗೆಯ ಅಡಿಯಲ್ಲಿ. ಮರದ ಹಿಡಿಯಿಂದ ನಳಿಗೆಯನ್ನು ಬೇರ್ಪಡಿಸಿದರೆ ಪರೀಕ್ಷಾ ಮುದ್ರೆಗಳು, ಎಂದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯಗಳು ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ ಒತ್ತಿದ ಗುರುತುಗಳು, ಕಾಣುತ್ತವೆ. ಅವುಗಳ ಜೊತೆಗಿರುವ 12 ಎಂಬ ಅಂಕಿ, ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದೊಂದೂ ಆ ನಳಿಗೆಯ ಬಾಯಿಗೆ ಸರಿಹೊಂದುತ್ತದೆ ಎಂಬ ವಿಚಿತ್ರ ಲೆಕ್ಕವನ್ನು ಸೂಚಿಸುತ್ತದೆ. ನಳಿಗೆಯ ಮೇಲೆ ಹೆಣೆದ ಚಾಪೆಯಂಥ ವಿನ್ಯಾಸ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ಡಮಾಸ್ಕಸ್ ನಳಿಗೆ; ಬಹುಪಾಲು ಹೊಗೆ ಕಾರುವ ಕರಿಮದ್ದಿಗೆಂದೇ ತಯಾರಾದ ಇಂಥದರಲ್ಲಿ ಇಂದಿನ ತೋಟಾ ಹಾಕಿ ಹಾರಿಸುವವನಿಗೆ ಕೋವಿಗಿಂತ ಮೊದಲು ಎಡಗೈ ಪರಂಪರೆಯ ವಸ್ತುವಾಗುವ ಸಂಭವವಿದೆ.

ವಿಪರ್ಯಾಸವೆಂದರೆ ಆ ಮುದ್ರೆಗಳಿಗೆ ಅತಿ ದೊಡ್ಡ ಶತ್ರು ಭಕ್ತಿ. ಆಯುಧಪೂಜೆಯ ದಿನ ಹುಣಸೆಹಣ್ಣು, ಇಟ್ಟಿಗೆಪುಡಿಗಳಿಂದ ಮಿರಮಿರನೆ ಉಜ್ಜಿಸಿಕೊಂಡು, ಒದ್ದೆ ಗಂಧ, ಕುಂಕುಮಗಳನ್ನು ಹಚ್ಚಿಸಿಕೊಂಡ ಕೋವಿ ವರ್ಷವಿಡೀ ಚರ್ಮದ ಚೀಲದೊಳಗೆ ಧ್ಯಾನಸ್ಥವಾಗಿ ತುಕ್ಕು ಹಿಡಿಯುತ್ತದೆ. ಚರ್ಮ ತೇವವನ್ನು ಹೀರಿಟ್ಟುಕೊಳ್ಳುವುದರಿಂದ ತೆಳುವಾಗಿ ಎಣ್ಣೆ ಸವರಿ, ತೋಟಾಗಳಿಂದ ದೂರವಾಗಿ, ಬೀಗವಿರುವ ಒಣ ಬೀರುವಿನಲ್ಲಿಡುವುದೇ ಲೇಸು.

'ಹಳೆಯದು, ಯಾರು ಕೇಳುತ್ತಾರೆ' ಎಂಬ ವಾದವೂ ನಿಲ್ಲದು. 1959ರ ಆಯುಧ ಕಾಯಿದೆಯ 45ನೆಯ ಪ್ರಕರಣ ಪ್ರಾಚೀನ ಆಯುಧಕ್ಕೆ ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಅದು ಹಾರದು ಎಂಬಂತಿದ್ದಾಗ ಮಾತ್ರ. ಹಾರುವಂಥದಾದರೆ ಪರವಾನಗಿದಾರ ತೀರಿಕೊಂಡ ಬಳಿಕ ವಾರಸುದಾರ ಅದನ್ನು ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರನಲ್ಲೋ ಇಟ್ಟು, ತನ್ನ ಹೆಸರಿಗೆ ಪರವಾನಗಿ ಕೋರಬೇಕು. 2019ರ ತಿದ್ದುಪಡಿಯ ಪ್ರಕಾರ ವಂಶಪಾರಂಪರ್ಯದ್ದೂ ಸೇರಿ ಒಬ್ಬರಿಗೆ ಎರಡೇ ಕೋವಿ, ಆದ್ದರಿಂದ ದೊರೆಗಳು ಹೆಚ್ಚು ಉದಾರಿಗಳಾಗಿದ್ದ ಮನೆಗಳಿಗೆ ಕಷ್ಟ.

ಪರವಾನಗಿ ದೊರೆತ ಮೇಲೂ ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಸಾಮಾನ್ಯ. ಫಲಿತಾಂಶದ ನಂತರ ಮನೆಗೆ ಮರಳಿದ ಕೋವಿಯ ಬಾಯಿಯನ್ನು ಮನೆಯವರ ಕಡೆಗೆ ತಿರುಗಿಸದೆ ಬಿಚ್ಚಿ, ನಳಿಗೆಯೊಳಗೆ ಕಡಜದ ಮಣ್ಣಿನ ಗೂಡಿಲ್ಲವೆಂದು ಬೆಳಕಿಗೆ ಹಿಡಿದು ನೋಡುವುದು ಅಗತ್ಯ. ಕಡಜ ಯಾವ ಪರವಾನಗಿಗೂ ಕಾಯುವುದಿಲ್ಲ.