ಟ್ಯಾಬ್ ಮಾಸ್ತರ

ಮೊದಲು ಪೇಟಿ ಮಾಸ್ತರ ಇದ್ದ, ಆಮೇಲೆ ಕೀಬೋರ್ಡ್ ಮಾಸ್ತರ ಬಂದ. ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಟ್ಯಾಬ್ ಮಾಸ್ತರನ ಕಾಲ. ಜಾತ್ರೆಗೊಂದು ಜಾನಪದ, ಶ್ರಾವಣಕ್ಕೊಂದು ಭಜನಾ ಪದ, ಲಗ್ನದ ಸೀಸನ್ನಿಗೊಂದು ಡಿಜೆ ಹಾಡು ಯೂಟ್ಯೂಬಿಗೆ ಏರಲೇಬೇಕಾದ ಈ ಭಾಗದಲ್ಲಿ ಅವನಿಗೆ ಕೆಲಸಕ್ಕೆ ಬರವಿಲ್ಲ. ಕಬ್ಬಿನ ಹೊಲದ ಬದುವಿನ ಮೇಲೆ ಕೂತೇ ಟ್ರ್ಯಾಕ್ ಕಟ್ಟುತ್ತಾನೆ, ಗಾಜಿನ ಮೇಲೆ ಎರಡು ಬೆರಳಲ್ಲಿ ಹಲಗಿ ಬಾರಿಸುತ್ತಾನೆ. ಅಲ್ಲಿಯವರೆಗೆ ತಕರಾರಿಲ್ಲ. ಮಿಕ್ಸಿಂಗಿಗೆಂದು ಗೋಕಾಕದ ಸ್ಟುಡಿಯೋಕ್ಕೆ ಕಳಿಸುವಾಗ ಶುರುವಾಗುತ್ತದೆ: “ಅಣ್ಣಾ, ಪ್ರಾಜೆಕ್ಟ್ ಹಾಕೇನಿ ನೋಡ್ರಿ, ಹಂಗಽ ಓಪನ್ ಮಾಡ್ರಿ.” ಅಣ್ಣನ ಕಂಪ್ಯೂಟರಿನಲ್ಲಿ ಅದು ತೆರೆಯುವುದೇ ಇಲ್ಲ. ತೆರೆದರೆ ಇನ್ನೂ ಕಷ್ಟ. ಹಾಡು ಬಂದಿರುತ್ತದೆ, ಹಲಗಿ ಬಂದಿರುವುದಿಲ್ಲ.

ಇದಕ್ಕೆಲ್ಲ ಸಾಫ್ಟ್‌ವೇರ್ ಕಂಪನಿಗಳೇ ಕಾರಣ ಎಂದು ಮಾಸ್ತರನ ವಾದ. ಅರ್ಧ ನಿಜ. ಐಪ್ಯಾಡಿನ ಗ್ಯಾರೇಜ್‌ಬ್ಯಾಂಡಿನಲ್ಲಿ ಕಟ್ಟಿದ್ದು ಮ್ಯಾಕಿನ ಲಾಜಿಕ್‌ಗೆ ಸುಖವಾಗಿ ಹೋಗುತ್ತದೆ, ಮರಳುವಾಗ ಎಲ್ಲ ಟ್ರ್ಯಾಕೂ ಕೂಡಿ ಒಂದೇ ಆಗಿರುತ್ತದೆ. ಎಫ್‌ಎಲ್ ಸ್ಟುಡಿಯೋ ಮೊಬೈಲಿನದನ್ನು ಕಂಪ್ಯೂಟರಿನ ಎಫ್‌ಎಲ್ ಒಳಗೆ ಕರೆದುಕೊಳ್ಳುತ್ತದೆ, ಕಂಪ್ಯೂಟರಿನದನ್ನು ಮೊಬೈಲು ಒಲ್ಲೆ ಅನ್ನುತ್ತದೆ. ಪ್ರಾಜೆಕ್ಟ್ ಅಂದರೆ ಕಿರಾಣಿ ಚೀಟಿ. ಯಾವ ವಾದ್ಯ ಎಲ್ಲಿ, ಯಾವ ಎಫೆಕ್ಟ್ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ; ಸಾಮಾನು ಇಲ್ಲದ ಅಂಗಡಿಗೆ ಚೀಟಿ ಒಯ್ದು ಫಲವೇನು? ಟ್ಯಾಬಿನೊಳಗಿನ ಪೇಟಿಯ ಪ್ಲಗಿನ್ ಎಷ್ಟೋ ಸಲ ವಿಂಡೋಸಿಗೆ ಸಿಗುವುದೇ ಇಲ್ಲ.

ಉಳಿದರ್ಧ ಸತ್ಯ ಮಾಸ್ತರನ ಸ್ವಭಾವದಲ್ಲಿದೆ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದಲೇ ಬೇರೆ ಬೇರೆ ವೇವ್ ಫೈಲ್ ಮಾಡಿ ಟೆಂಪೋ ತಿಳಿಸಿದರೆ ಯಾವ ಸಾಫ್ಟ್‌ವೇರೂ ತಕರಾರಿಲ್ಲದೆ ತೆರೆಯುತ್ತದೆ. ಇದು ಅವನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. “ಮಾಸ್ತರ, ಒಂದೊಂದಽ ಬ್ಯಾರೆ ಮಾಡಿ ಕಳಸ್ರೀಪಾ” ಎಂದು ಅಣ್ಣ ಪ್ರತಿಸಲ ಬೇಡಿಕೊಳ್ಳುತ್ತಾನೆ. ಆದರೆ ವೇವ್ ಆಯಿತೆಂದರೆ ಮೂರನೇ ನುಡಿಯ ಪೇಟಿಗೆ ಇನ್ನು ಕೈ ಹಚ್ಚುವಂತಿಲ್ಲ. ಮುಗಿಯಿತು ಅನ್ನಲು ಮಾಸ್ತರನಿಗೆ ಬಾಯಿ ಬಾರದು. ಸಾಫ್ಟ್‌ವೇರಿನ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಈ ಹಿಂಜರಿಕೆಯದು.

ಹಾಗಂದರೆ ಅನ್ಯಾಯ ಎನ್ನುವವರಿದ್ದಾರೆ, ಅವರ ಮಾತಿಗೂ ತೂಕವಿದೆ. ಹಾಡುವವ ಮೈಕಿನ ಮುಂದೆ ನಿಂತು “ಕರಿ ಎರಡು ಏರೂದಿಲ್ರಿ, ಬಿಳಿ ಒಂದರಾಗ ತಗೀರಿ” ಅಂದರೆ ರೆಕಾರ್ಡಾದ ಪೇಟಿಯನ್ನು ಮೂರು ಮನೆ ಕೆಳಗಿಳಿಸಿದಾಗ ಅದು ನೆಗಡಿಯಾದವರಂತೆ ಕೇಳುತ್ತದೆ. ಪ್ರಾಜೆಕ್ಟ್ ಇದ್ದರೆ ಚಿಟಿಕೆಯ ಕೆಲಸ. ಒಪ್ಪೋಣ. ಅದಕ್ಕೆಂದೇ ಸ್ವರಗಳನ್ನಷ್ಟೇ ಬರೆದಿಡುವ ಮಿಡಿ ಇದೆ. 1983ರಿಂದ ಎಲ್ಲ ಕಂಪನಿಗಳೂ ಒಪ್ಪಿ ನಡೆದುಕೊಂಡು ಬಂದದ್ದು. ವೇವ್ ಜೊತೆಗೆ ಮಿಡಿ ಫೈಲೂ ಕಳಿಸಿದರೆ ಸ್ವರಗಳು ಕೈಯಲ್ಲೇ ಉಳಿಯುತ್ತವೆ. ಆಚೆ ತೆರೆದ ಕೂಡಲೇ ಹಲಗಿಯ ಪೆಟ್ಟು ಪಿಯಾನೋದಲ್ಲಿ ಕೇಳಿಬಂದು ಅಣ್ಣ ಬೆಚ್ಚಿಬೀಳಬಹುದು; ವಾದ್ಯ ಬದಲಿಸಿಕೊಳ್ಳುತ್ತಾನೆ ಬಿಡಿ. ಅಷ್ಟಕ್ಕೂ ಶ್ರುತಿ ಯಾವುದೆಂದು ಹಾಡುವವನನ್ನು ಮೊದಲೇ ಫೋನಿನಲ್ಲಿ ಕೇಳಲು ಯಾವ ಸಾಫ್ಟ್‌ವೇರೂ ಅಡ್ಡ ಬಂದಿಲ್ಲ. 2023ರಲ್ಲಿ ಐಪ್ಯಾಡಿಗೇ ಲಾಜಿಕ್ ಬಂದಿದೆ, ಹೋಗಿಬರುವುದು ಎರಡೂ ಸಲೀಸು ಎಂಬುದು ಇನ್ನೊಂದು ವಾದ. ನಿಜವೇ, ಆದರೆ ಒಂದು ಡಿಜೆ ಹಾಡಿನ ಸಲುವಾಗಿ ಅಣ್ಣ ಮ್ಯಾಕ್ ಕೊಳ್ಳಬೇಕಲ್ಲ!

ಮುಗಿಯಿತು ಅನ್ನಲು ಹಿಂಜರಿಯುವ ಮಾಸ್ತರ ತನ್ನ ಸೀಮೆಯ ಆಟವನ್ನೇ ನೆನೆಯಲಿ. ಇದೇ ಹಳೆಯ ಗೋಕಾಕ ತಾಲ್ಲೂಕಿನ ಕುಲಗೋಡ ತಮ್ಮಣ್ಣ ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ತಂದದ್ದು, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದದ್ದು. ಆ ಆಟ ಬೆಳತನಕ ನಡೆಯುವಂಥದ್ದು. ತಪ್ಪಿದ ಸ್ವರ ತಪ್ಪಿದಂತೆಯೇ ಜನರ ಕಿವಿಗೆ ಬೀಳುತ್ತಿತ್ತು, ಹಿಂದಕ್ಕೆ ಹೋಗುವ ಬಟನ್ ಇರಲಿಲ್ಲ. ಆಟವೇನೂ ಕೆಡಲಿಲ್ಲ.

ವೇವ್ ಫೈಲುಗಳ ಲೆಕ್ಕ ನೋಡಿದರೂ ಭಾರವಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನ ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ನಾಲ್ಕು ನಿಮಿಷದ 20 ಟ್ರ್ಯಾಕಿಗೆ 700 ಎಂಬಿಯೊಳಗೆ. ಸಣ್ಣ ಪೆನ್‌ಡ್ರೈವಿಗೂ ಅದು ಏನೂ ಅಲ್ಲ. ಆದ್ದರಿಂದ ಮಾಸ್ತರೇ, ಎಲ್ಲವನ್ನೂ ವೇವ್ ಮಾಡಿ, ಫೈಲಿನ ಹೆಸರಲ್ಲೇ ಟೆಂಪೋ ಬರೆಯಿರಿ. ವಾಟ್ಸಾಪಿನಲ್ಲೇ ಕಳಿಸುತ್ತೇನೆ ಎನ್ನುವಿರಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಆಡಿಯೋ ಎಂದು ಬೇಡ.