ಪರಂಪರೆಯಣ್ಣನ ಕುಶಾಲು

ಬೆಳ್ಳಾರೆಯಲ್ಲಿ ತಾಳಮದ್ದಳೆ ಇರಲಿ, ಪಂಜದಲ್ಲಿ ಯಕ್ಷಗಾನದ ಹರಕೆಯ ಆಟ ಇರಲಿ, ಎದುರು ಸಾಲಿನ ಮೂರನೇ ಕುರ್ಚಿ ಪರಂಪರೆಯಣ್ಣನದು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಉಂಟು. ಆದರೆ ‘ಪರಂಪರೆ ಹಾಳಾಯ್ತು ಮಾರಾಯ್ರೆ’ ಎನ್ನದೆ ಅವರು ಎಲೆಯಡಿಕೆ ಬಾಯಿಗೆ ಹಾಕಿದ್ದನ್ನು ಕಂಡವರಿಲ್ಲ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳಲ್ಲೂ ಇಂಥವರು ಊರಿಗೊಬ್ಬರು. ನಿಮ್ಮ ಊರಲ್ಲಿ ಇಲ್ಲವಾದರೆ ನೀವೇ ಒಮ್ಮೆ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು.

ವಿಷಯ ಗೊತ್ತಿಲ್ಲದವರೆಂದಲ್ಲ. ಭಾಗವತರು ಅರ್ಧ ತಾಳ ತಪ್ಪಿದರೂ ಇವರ ತೊಡೆಯ ಮೇಲಿನ ಕೈ ನಿಂತುಬಿಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪ ಬ್ಯಾರಿಯ ಪಾತ್ರವನ್ನು ನೆನೆದರೆ ಈಗಲೂ ಕಣ್ಣು ಒದ್ದೆ. ಭಟ್ಟರು ಬ್ಯಾರಿಯಾದರೆ ಅದು ಕಲೆ. ಸಂಪಾಜೆಯ ಜಬ್ಬಾರ್ ಸಮೋ ಅರ್ಥಕ್ಕೆ ಕೂತರೆ ಮಾತ್ರ ಪಕ್ಕದವರ ಕಿವಿಗೆ ಬಾಗಿ, ‘ಬ್ಯಾರಿಗಳಾದರೂ ಎಷ್ಟು ಚಂದ ಮಾತಾಡ್ತಾರೆ ನೋಡಿ!’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಇದು ಶುದ್ಧ ಹೊಗಳಿಕೆ. ಆ ಚಂದಕ್ಕೆ ಅಷ್ಟು ವರ್ಷಗಳ ಓದು ಕಾರಣ ಇರಬಹುದಲ್ಲವೇ ಎಂದು ಕೇಳಿದರೆ, ‘ಹೌದೌದು, ನಾನು ಹೇಳಿದ್ದೂ ಅದೇ.’

ಇನ್ನು ಹೆಂಗಸರ ಭಾಗವತಿಕೆ. ಆ ಸುದ್ದಿ ಎತ್ತಿದರೆ ಸಾಕು, ಅವರ ಸ್ವರ ಕಪ್ಪು ಎರಡಕ್ಕೆ ಏರುತ್ತದೆ. ಮಧೂರಿನಲ್ಲಿ ಹುಟ್ಟಿ, ಕಡಬದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾಗಿ, ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಗಂಡಸರ ಸಮಕ್ಕೆ ಹಾಡಿದ ಲೀಲಾವತಿ ಬೈಪಾಡಿತ್ತಾಯರ ಹೆಸರು ಹೇಳಿದರೆ, ‘ಅವರ ಮಾತು ಬೇರೆ’ ಎಂದು ಜಾರಿಕೊಳ್ಳುತ್ತಾರೆ. 2023ರಲ್ಲಿ ಲೀಲಾವತಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಮರುವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಊರಿನ ನುಡಿನಮನದಲ್ಲಿ ಎಲ್ಲರಿಗಿಂತ ಉದ್ದ ಮಾತಾಡಿದ್ದು ಇದೇ ಪರಂಪರೆಯಣ್ಣ. ಇವರಿಂದ ಒಪ್ಪಿಗೆ ಬೇಕಾದರೆ ಹೆಂಗಸಾದವಳು ಒಂದೋ ಪ್ರಶಸ್ತಿ ತರಬೇಕು, ಇಲ್ಲವೋ ಸಾಯಬೇಕು. ಈಗಷ್ಟೇ ಜಾಗಟೆ ಹಿಡಿದ ಹುಡುಗಿಯರಿಗೆ ಎರಡೂ ಸ್ವಲ್ಪ ಅವಸರದ ಕೆಲಸ.

ಸುಳ್ಯದ ಕಡೆ ಒಂದು ಕೂಟದಲ್ಲಿ ಅಂಥವಳೊಬ್ಬಳು, ಕಾಲೇಜಿಗೆ ಹೋಗುವವಳು, ಹಾಡಲು ಕೂತಿದ್ದಳು. ‘ಹೆಣ್ಣಿನ ಪದಕ್ಕೆ ರಾವಣ ಬರುವುದುಂಟಾ? ಹೆಚ್ಚೆಂದರೆ ತೊಟ್ಟಿಲು ತೂಗಬಹುದು’ ಎಂದರು ಪರಂಪರೆಯಣ್ಣ. ಪಿಸುಮಾತೇ, ಆದರೆ ಅವರ ಪಿಸುಮಾತಿಗೆ ಅಡುಗೆ ಚಪ್ಪರದವರೆಗೆ ಹೋಗುವಷ್ಟು ತ್ರಾಣ ಉಂಟು. ಹುಡುಗಿಯ ಮುಖ ಸಣ್ಣದಾಯಿತು.

ಮದ್ದಳೆಯ ಶ್ರುತಿ ಸರಿಮಾಡುತ್ತಿದ್ದ ಹಿರಿಯರು ತಲೆ ಎತ್ತದೆ, ‘ಅಣ್ಣ, ಮೊನ್ನೆಯ ಆಟದಲ್ಲಿ ನೀವು ಹಾಡಿ ಹೊಗಳಿದ ಮಂಡೋದರಿ ಇದ್ದಳಲ್ಲ, ಅವಳಿಗೆ ಗಡ್ಡ ಹೆರೆಯಲಿಕ್ಕೆ ಬ್ಲೇಡು ತಂದುಕೊಟ್ಟದ್ದು ನಾನೇ’ ಎಂದರು.

ಮೊದಲ ಸಾಲು ಗೊಳ್ಳೆಂದಿತು. ‘ಕುಶಾಲಿಗೆ ಹೇಳಿದ್ದು ಮಾರಾಯ್ರೆ, ಈಗ ಯಾರಿಗೂ ಒಂದು ಕುಶಾಲು ತಡೆಯುವುದಿಲ್ಲ’ ಎಂದು ಇವರು ಬೈರಾಸಿನಲ್ಲಿ ಮುಖ ಒರೆಸಿಕೊಂಡರು.

ಅಷ್ಟಕ್ಕೆ ಮುಗಿಯುತ್ತಿತ್ತು. ಹುಡುಗಿ ಎದ್ದು ಬಂದು ಮೈಕನ್ನು ಇವರ ಬಾಯಿಯ ಹತ್ತಿರ ಹಿಡಿದಳು. ‘ಮಾವ, ಕುಶಾಲಾದರೆ ಹಿಂದೆ ಕೂತವರಿಗೂ ಕೇಳಲಿ. ಇದರಲ್ಲೊಮ್ಮೆ ಹೇಳಿ.’

ಮೈಕು ಸಿಕ್ಕಿದರೆ ಬಿಡುವ ಜಾತಿಯಲ್ಲ ಪರಂಪರೆಯಣ್ಣ. ವಂದನಾರ್ಪಣೆಗೆ ಕರೆದರೆ ಅಧ್ಯಕ್ಷ ಭಾಷಣ ಮಾಡಿ ಇಳಿಯುವವರು. ಆ ದಿನ ಮಾತ್ರ ಎರಡು ಸಲ ಕೆಮ್ಮಿದರು. ಹಿಂದಿನ ಸಾಲುಗಳಲ್ಲಿ ಅವರ ಸೊಸೆ ಇದ್ದಳು, ಮೊಮ್ಮಗಳಿಗೆ ಪಾಠ ಹೇಳುವ ಟೀಚರು ಇದ್ದರು, ಅಡಿಕೆ ಕೊಂಡುಹೋಗುವ ಬ್ಯಾರಿ ಸಾಹುಕಾರರೂ ಇದ್ದರು.

‘ಹಲೋ… ಹಲೋ… ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು. ಊಟ ತಯಾರುಂಟು.’

ಅರ್ಧ ಸಭೆ ಎದ್ದು ನಿಂತಿತು. ಹುಡುಗಿ ಹೋಗಿ ಕೂತು ರಾವಣನ ಏರು ಪದ ಎತ್ತಿದಳು, ಚೆಂಡೆ ಬಿತ್ತು, ಎದ್ದವರಲ್ಲಿ ಹೆಚ್ಚಿನವರು ಕೂತರು. ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದಿದ್ದರು:

‘ಯಾರದು ಮಾರಾಯ್ರೆ ಹೇಳಿದ್ದು? ಅಕ್ಕಿ ಈಗಷ್ಟೇ ಹಾಕಿದ್ದು!’