ಪಿಂಗ್ ಪಂಡಿತ

ನಾಡಿ ಹಿಡಿದು ರೋಗ ಹೇಳುವ ಪಂಡಿತರ ಕಾಲ ಹೋಯಿತೆಂದು ಮರುಗುವವರು ಬೆಂಗಳೂರಿನ ಯಾವ ಬಡಾವಣೆಗಾದರೂ ರಾತ್ರಿ ಊಟದ ಹೊತ್ತಿಗೆ ಬಂದು ನೋಡಬೇಕು. ಅಲ್ಲಿ ಮಹಡಿಯ ಕೋಣೆಯೊಂದರಲ್ಲಿ ಹೆಡ್‌ಸೆಟ್ ಧರಿಸಿ, ವ್ಯಾಲೊರೆಂಟ್ ಎಂಬ ಆಟದ ರಣರಂಗಕ್ಕಿಳಿದ ತರುಣನೊಬ್ಬನು, ವೈರಿಯನ್ನು ತಾನೇ ಮೊದಲು ಕಂಡು, ತಾನೇ ಮೊದಲು ಗುಂಡು ಹಾರಿಸಿ, ಕಡೆಗೆ ತಾನೇ ಮೊದಲು ಸತ್ತುಬಿದ್ದಾಗ, "ಲ್ಯಾಗ್ ಹೊಡೀತು ಮಗಾ, ಪಿಂಗ್ ನೋಡು, 150!" ಎಂದು ಮಿತ್ರರಿಗೆ ನಿದಾನವನ್ನು ಸಾರುತ್ತಿರುವನು. ಗೆದ್ದ ದಿನ ಆ ಅಂಕಿಯ ಕಡೆ ಅವನು ಕಣ್ಣೆತ್ತಿಯೂ ನೋಡನು.

ಅವನ ವಿದ್ಯೆಯನ್ನು ಹಗುರವಾಗಿ ಎಣಿಸಲಾಗದು. ಒತ್ತಿದ ಗುಂಡಿಯ ವಾರ್ತೆ ಸರ್ವರನ್ನು ಮುಟ್ಟಿ ಮರಳುವ ಕಾಲವೇ ಪಿಂಗೆಂದೂ, ಹೆಚ್ಚು ಹಣ ತೆತ್ತು 100 ಎಂಬಿಪಿಎಸ್ಸನ್ನು 300 ಮಾಡಿಕೊಂಡ ಮಾತ್ರಕ್ಕೆ ಅದು ಕುಗ್ಗದೆಂದೂ, ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಸಾವಿರ ಕಿಲೋಮೀಟರಿನಾಚೆಯ ಮುಂಬಯಿಯ ಸರ್ವರಿಗೆ ಹೋಗಿಬರಲು 10 ಮಿಲಿಸೆಕೆಂಡು ಸಾಕೆಂದೂ ಅವನು ನಿದ್ದೆಯಲ್ಲಿಯೂ ಹೇಳಬಲ್ಲನು. ಉಳಿದ 140 ಎಲ್ಲಿ ಹೋಯಿತೆಂಬ ಶೋಧನೆಯೂ ಅವನ ಮಟ್ಟಿಗೆ ಮುಂಬಯಿಯ ದಾರಿಯಲ್ಲಿಯೇ ನಡೆಯತಕ್ಕದ್ದು.

ರೌಟರಾದರೋ ಕೆಳಗಿನ ನಡುಮನೆಯ ಷೋಕೇಸಿನಲ್ಲಿ, ಗೃಹಪ್ರವೇಶಕ್ಕೆ ಬಂದ ಸ್ಟೀಲ್ ಡಬರಿಗಳ ಹಿಂದೆ, ಧೂಳು ಕೂರದಿರಲೆಂದು ತಾಯಿ ಹೊದಿಸಿದ ಕ್ರೋಷಾ ಬಟ್ಟೆಯ ಕೆಳಗೆ ಉಸಿರು ಬಿಗಿಹಿಡಿದು ಕುಳಿತಿದೆ. ಆಕೆ ಸಾರು ಬಿಸಿಮಾಡಲು ಮೈಕ್ರೋವೇವ್ ಹಚ್ಚಿದಳೆಂದರೆ, ಆ ಒಲೆಗೂ ವೈಫೈಗೂ 2.4 ಗಿಗಾಹರ್ಟ್ಸಿನ ಹಾದಿಯೊಂದೇ ಆದುದರಿಂದ, ಮೇಲೆ ಮಗನ ಸೈನ್ಯ ತತ್ತರಿಸುವುದು. 5 ಗಿಗಾಹರ್ಟ್ಸನ್ನು ನಂಬೋಣವೆಂದರೆ ಅದು ಎರಡನೆಯ ಗೋಡೆ ದಾಟುವಷ್ಟರಲ್ಲಿ ಸೊರಗುವುದು. ಇದೇ ವೇಳೆಗೆ ತಂಗಿಯ ಫೋನು ಚಿಕ್ಕಮ್ಮನ ಮಗಳ ಮದುವೆಯ ವೀಡಿಯೋಗಳನ್ನು ಒಂದೊಂದಾಗಿ ಮೇಲಕ್ಕೆ ಕಳುಹಿಸುತ್ತಿದ್ದು, ಧಾರೆಯ ಮುಹೂರ್ತವೆಲ್ಲ ಸಾಗಿಹೋಗುವವರೆಗೆ ಅಣ್ಣನ ಗುಂಡುಗಳು ಸಾಲಿನಲ್ಲಿ ಕಾಯಬೇಕಾಗುವುದು.

ಪಂಡಿತನ ಚಿಕಿತ್ಸೆಗಳೋ ಅಪಾರ. 192.168.1.1ಕ್ಕೆ ಹೋಗಿ ಚಾನೆಲ್ ಬದಲಿಸುವನು, ಡಿಎನ್‌ಎಸ್ಸನ್ನು ತಿದ್ದುವನು (ಹೆಸರನ್ನು ವಿಳಾಸವಾಗಿಸುವುದಷ್ಟೇ ಅದರ ಕೆಲಸ, ನಡೆಯುತ್ತಿರುವ ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ), ಕಸ್ಟಮರ್ ಕೇರಿನ ಹುಡುಗಿಗೆ ಪ್ಯಾಕೆಟ್ ಲಾಸಿನ ಮೇಲೆ ಉಪನ್ಯಾಸ ಕೊಟ್ಟು, "ಒಂದ್ಸಲ ರೀಸ್ಟಾರ್ಟ್ ಮಾಡಿ ಸರ್" ಎಂಬ ಉತ್ತರ ಪಡೆಯುವನು. ಲ್ಯಾನ್ ಕೇಬಲ್ ಎಳೆಯುವ ಮಾತೆತ್ತಿದರೆ ಮಾತ್ರ, "ಮೊನ್ನೆ ತಾನೆ ಬಣ್ಣ ಹೊಡೆಸಿದ ಗೋಡೆ ಕಣೋ, ತೂತು ಗೀತು ಕೊರೆದೀಯ" ಎಂಬ ತಾಯಿಯ ಆಕ್ಷೇಪಕ್ಕೆ ಅವನು ತೋರುವ ವಿಧೇಯತೆ ಬೇರಾವ ವಿಷಯದಲ್ಲಿಯೂ ಕಂಡುಬಾರದು. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಯೇ.

ತಾಯಿ ತವರಿಗೆ ಹೋದ ವಾರ ಗೆಳೆಯನೊಬ್ಬನು ತಾನೇ ಕೇಬಲ್ ತಂದು, ಮೆಟ್ಟಿಲ ಬದಿಗುಂಟ ಎಳೆದು, ಕಂಪ್ಯೂಟರಿಗೆ ಚುಚ್ಚಿಯೇಬಿಟ್ಟನು. ಪಿಂಗ್ 16ಕ್ಕೆ ಇಳಿದು ಅಲ್ಲಿಯೇ ನಿಂತಿತು. ಪಂಡಿತನು ಎಂದಿನ ಮೂಲೆಯಲ್ಲಿ ಎಂದಿನಂತೆಯೇ ಸತ್ತನು. ಅಂಕಿಯನ್ನೊಮ್ಮೆ ನೋಡಿ, ಪರದೆಯನ್ನೊಮ್ಮೆ ತಟ್ಟಿ, ಹೆಡ್‌ಸೆಟ್ ಸರಿಸಿ ಹೇಳಿದನು:

"60 ಹರ್ಟ್ಸ್ ಮಾನಿಟರಲ್ಲಿ ಇನ್ನೇನಾಗುತ್ತೆ ಮಗಾ!"